ಉಮ್ಮನ ಕೈಯಲ್ಲಿ ಪೈಸೆ ಉಂಟಾ?

ಗೃಹಲಕ್ಷ್ಮಿಯ 2,000 ರೂಪಾಯಿ ಯಾರ ಹೆಸರಿಗೆ ಬರುತ್ತದೆ? ಉಮ್ಮನ ಹೆಸರಿಗೆ. ಬಂತು ಎಂಬ ಮೆಸೇಜು ಯಾರ ಫೋನಿಗೆ ಬರುತ್ತದೆ? ಮಗನ ಫೋನಿಗೆ. ಎಟಿಎಂ ಕಾರ್ಡು ಯಾರ ಪರ್ಸಿನಲ್ಲಿ? ಅದೂ ಮಗನದ್ದರಲ್ಲೇ. ಪಿನ್ ನಂಬರು ಉಮ್ಮನಿಗೆ ಗೊತ್ತಿಲ್ಲ, ಗೊತ್ತಿರಬೇಕು ಅಂತ ಅವರಿಗೆ ಅನಿಸಿದ್ದೂ ಇಲ್ಲ. ಮಗ ಕೆಟ್ಟವನಲ್ಲ. ಕೇಳಿದರೆ ಕೊಡುತ್ತಾನೆ. ಆದರೆ ಕೇಳಬೇಕು. ಈ ವಾರ ನಮಗೆ ಹೇಳಲಿಕ್ಕಿರುವುದು ಆ ‘ಕೇಳಬೇಕು’ ಎಂಬುದರ ಬಗ್ಗೆ.

ನಮ್ಮ ಮನೆಗಳಲ್ಲಿ ಇದು ಮೊದಲಿನಿಂದಲೂ ಹೀಗಿರಲಿಲ್ಲ. ಗಲ್ಫಿನಿಂದ ಬಂದ ಹಣವಿರಲಿ, ರಾತ್ರಿ ಅಂಗಡಿ ಬಾಗಿಲು ಹಾಕಿ ತಂದ ಹಣವಿರಲಿ, ಮನೆ ಖರ್ಚಿನ ಪಾಲು ನೋಟಾಗಿಯೇ ಹೆಂಗಸರ ಕೈಗೆ ಬರುತ್ತಿತ್ತು. ಬೀಡಿ ಕಟ್ಟುವವರಿಗೆ ಮಜೂರಿ ಕೈಗೇ ಸಿಗುತ್ತಿತ್ತು. ಮೀನು, ತರಕಾರಿ, ಹಾಲು, ಮದ್ರಸದ ಫೀಸು ಎಲ್ಲ ಕಳೆದು ಉಳಿದದ್ದು ಮೆಂತೆ ಡಬ್ಬಿಗೆ, ಅಕ್ಕಿ ಡ್ರಮ್ಮಿನ ಅಡಿಗೆ, ಕಪಾಟಿನಲ್ಲಿ ಸೀರೆಯ ಮಡಿಕೆಗೆ. ಹಾಗೆ ಕೂಡಿಟ್ಟದ್ದರಿಂದಲೇ ಎಷ್ಟೋ ಮನೆಗಳಲ್ಲಿ ಮಗಳ ಕಿವಿಗೆ ಅರ್ಧ ಪವನ್ ಆಗಿದೆ. (ಪವನ್ ಎಂಬ ಅಳತೆಯ ಬೇರು ಕೂಡ ಒಂದು ನಾಣ್ಯವೇ. ಬ್ರಿಟಿಷರ ಸಾವರಿನ್ ಚಿನ್ನದ ನಾಣ್ಯ 8 ಗ್ರಾಮಿಗೆ ತುಸು ಕಮ್ಮಿ ತೂಗುತ್ತಿತ್ತು.) ಗಂಡಸರಿಗೆ ಈ ಡಬ್ಬಿಯ ವಿಷಯ ಗೊತ್ತಿರುತ್ತಿತ್ತು, ಎಷ್ಟಿದೆ ಅಂತ ಮಾತ್ರ ಗೊತ್ತಿರುತ್ತಿರಲಿಲ್ಲ. ಅಷ್ಟು ಗುಟ್ಟು ಸಂಸಾರಕ್ಕೆ ಕೆಡುಕೇನೂ ಮಾಡಿಲ್ಲ.

2016ರ ನವೆಂಬರ್ 8ರ ರಾತ್ರಿ 500 ಮತ್ತು 1,000ದ ನೋಟು ರದ್ದಾದಾಗ ಆ ಡಬ್ಬಿಗಳೆಲ್ಲ ಒಮ್ಮೆಲೇ ತೆರೆದವು. ವರ್ಷಗಟ್ಟಲೆ ಮಡಚಿಟ್ಟ ನೋಟುಗಳನ್ನು ಹೆಂಗಸರು ಗಂಡನ, ಮಗನ, ಅಳಿಯನ ಕೈಗೆ ಕೊಟ್ಟು ಬ್ಯಾಂಕಿಗೆ ಕಳಿಸಬೇಕಾಯಿತು. ಗೃಹಿಣಿಯರ ಖಾತೆಗೆ ಎರಡೂವರೆ ಲಕ್ಷದವರೆಗೆ ಜಮೆಯಾದರೆ ವಿಚಾರಣೆ ಮಾಡುವುದಿಲ್ಲ ಎಂದು ಸರಕಾರ ಹೇಳಿತು, ನಿಜ. ಆದರೆ ಹಲವರಿಗೆ ಆಗ ಸ್ವಂತ ಖಾತೆಯೇ ಇರಲಿಲ್ಲ. ಹಣ ಮನೆಯ ಯಾರದ್ದೋ ಖಾತೆಗೆ ಹೋಯಿತು. ವಾಪಸ್ ಡಬ್ಬಿಗೆ ಎಷ್ಟು ಬಂತು ಅಂತ ಯಾರೂ ಲೆಕ್ಕ ಇಟ್ಟಿಲ್ಲ. ಯುಪಿಐ ಶುರುವಾದದ್ದೂ ಅದೇ 2016ರಲ್ಲಿ. ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತುಂಟು.

ಈಗ ಬೆಳಗ್ಗೆ ಹತ್ತು ಗಂಟೆಗೆ ಮೀನಿನ ಸ್ಕೂಟರ್ ಹಾರ್ನ್ ಹಾಕಿಕೊಂಡು ಗೇಟಿನ ಹತ್ತಿರ ನಿಲ್ಲುತ್ತದೆ. ಮೀನಿನ ಪೆಟ್ಟಿಗೆಗೆ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ಉಮ್ಮ 200 ರೂಪಾಯಿಯ ಬಂಗುಡೆ ತಗೊಂಡು ದುಬೈಯಲ್ಲಿರುವ ಮಗನಿಗೆ ವಾಟ್ಸ್ಆ್ಯಪ್‌ನಲ್ಲಿ ವಾಯ್ಸ್ ಕಳಿಸುತ್ತಾರೆ: “ಮೀನಿನವರಿಗೆ ಇನ್ನೂರು ಹಾಕು ಮಗಾ.” ಅವನು ಡ್ಯೂಟಿಯ ನಡುವೆ ತನ್ನ ಊರಿನ ಬ್ಯಾಂಕ್ ಖಾತೆಯಿಂದ ಹಾಕುತ್ತಾನೆ. ಕೆಲವೊಮ್ಮೆ ಮರೆಯುತ್ತಾನೆ, ಆಗ ಮೀನಿನವರು ಮರುದಿನ ಕೇಳುತ್ತಾರೆ, ಉಮ್ಮನಿಗೆ ತಲೆ ತಗ್ಗಿಸಿದ ಹಾಗಾಗುತ್ತದೆ. ಮೀನು ಬಂದದ್ದು ಗೇಟಿಗೆ, ಹಣ ಹೋದದ್ದು ದುಬೈಯಿಂದ, ನಡುವೆ ನಿಂತ ಉಮ್ಮನ ಕೈಯಲ್ಲಿ ಏನೂ ಇಲ್ಲ. ನಿನ್ನೆಯೂ ಮೀನಾ, ಇವತ್ತೂ ಮೀನಾ ಎಂದು ಮಗ ತಮಾಷೆಗೆ ಕೇಳಿದರೂ ಅದು ತಮಾಷೆಯಾಗಿಯೇ ಕಿವಿಗೆ ಬೀಳಬೇಕೆಂದಿಲ್ಲ.

ನಾವು ಫೋನಿನ ಪಾವತಿಗೆ ವಿರೋಧ ಅಲ್ಲ. ಮನೆಯಲ್ಲೇ ಪತ್ತಿರಿ, ಕೇಕು, ಉಪ್ಪಿನಕಾಯಿ ಮಾಡಿ ಮಾರುವ ನಮ್ಮ ಹೆಣ್ಣುಮಕ್ಕಳಿಗೆ ಅದರಿಂದ ದೊಡ್ಡ ಉಪಕಾರವಾಗಿದೆ. ಹಣ ನೇರ ಅವರ ಖಾತೆಗೇ ಬರುತ್ತದೆ, ನಡುವೆ ಯಾರೂ ಇಲ್ಲ. ವಿಧವೆಯೊಬ್ಬರಿಗೆ ಪಿಂಚಣಿ ಯಾರ ಕೈಕಾಲೂ ಹಿಡಿಯದೆ ಬರುವುದಿದ್ದರೆ ಅದೂ ಖಾತೆಯ ದೆಸೆಯಿಂದಲೇ. ಆದರೆ ಆ ಹೆಣ್ಣುಮಕ್ಕಳ ಫೋನು ಅವರದ್ದೇ, ನಂಬರು ಅವರದ್ದೇ. ವ್ಯತ್ಯಾಸ ಇರುವುದು ಅಲ್ಲಿ. ಫೋನೂ ಇಲ್ಲದೆ, ನೋಟೂ ಇಲ್ಲದೆ ಉಳಿದವರು ಐವತ್ತು ದಾಟಿದ ನಮ್ಮ ಉಮ್ಮಂದಿರು, ಮಾಮಿಯಂದಿರು, ಮನೆಯಲ್ಲೇ ಕೂತ ಹಿರಿಯ ಗಂಡಸರು ಕೂಡ.

ನೋಟಿಲ್ಲದಿದ್ದರೆ ಏನು ಹೋಯಿತು, ಬೇಕಾದ್ದೆಲ್ಲ ಮಕ್ಕಳು ತಂದು ಹಾಕುವುದಿಲ್ಲವಾ ಅಂತ ಕೇಳುವವರಿದ್ದಾರೆ. ಹಾಕುತ್ತಾರೆ. ಆದರೆ ಕೊಡುವುದು ಅಂತ ಒಂದುಂಟಲ್ಲ? ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗದಂತೆ ಕೊಡಬೇಕೆಂದು ನಮಗೆ ಕಲಿಸಿದ್ದಾರೆ. ಕಷ್ಟದಲ್ಲಿರುವ ತಂಗಿ ಬಂದು ಹೋಗುವಾಗ ಬಾಗಿಲ ಹಿಂದೆ ಅವಳ ಅಂಗೈಗೆ ತುರುಕಿದ 500 ರೂಪಾಯಿಗೆ ಸ್ಟೇಟ್‌ಮೆಂಟ್ ಇಲ್ಲ. ಅದನ್ನೇ ಫೋನಿನಲ್ಲಿ ಹಾಕಬೇಕಾದರೆ ಮಗನಿಗೆ ಹೇಳಬೇಕು, ಸೊಸೆಗೆ ಗೊತ್ತಾಗಬೇಕು. ಆಗ ಉಮ್ಮ ಏನು ಮಾಡುತ್ತಾರೆ? ಕೊಡುವುದನ್ನೇ ಬಿಡುತ್ತಾರೆ. ಮಹ್ರ್ ಹೆಣ್ಣಿನ ಸ್ವಂತ ಸೊತ್ತು, ಅವಳ ಸಂಪಾದನೆಯೂ ಅವಳದ್ದೇ, ಅದರಿಂದ ದಾನ ಮಾಡುವ ಹಕ್ಕೂ ಅವಳದ್ದೇ ಎಂದು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಮನೆಗೆ ಬಂದು ಕಾರ್ಡನ್ನು ನಮ್ಮ ಪರ್ಸಿನಲ್ಲಿ ಇಟ್ಟುಕೊಳ್ಳುತ್ತೇವೆ.

ಮಕ್ಕಳದ್ದೂ ಒಂದು ಮಾತು. ಪೆರ್ನಾಲ್ ಪೈಸೆಯನ್ನು ಕೆಲವು ಮನೆಗಳಲ್ಲಿ ಈಗ ಮಕ್ಕಳ ತಂದೆಯ ಫೋನಿಗೆ ಹಾಕುತ್ತಾರಂತೆ. ಹೊಸ ಅಂಗಿಯ ಜೇಬಿನಲ್ಲಿ ಹತ್ತು ಹತ್ತರ ಗರಿಗರಿ ನೋಟು ಎಣಿಸದ ಮಗುವಿಗೆ ಅದೆಂಥ ಪೆರ್ನಾಲ್? ಶುಕ್ರವಾರ ಮಸೀದಿಯ ಡಬ್ಬಿಗೆ ನಾಣ್ಯ ಹಾಕಿ ಅದು ‘ಟಣ್’ ಅನ್ನುವುದನ್ನು ಕೇಳಿಯೇ ನಮ್ಮಲ್ಲಿ ಹೆಚ್ಚಿನವರು ಸದಕ ಎಂದರೆ ಏನು ಅಂತ ಕಲಿತದ್ದು. ಬಾಗಿಲಲ್ಲಿ ಕ್ಯೂಆರ್ ಕೋಡ್ ಹಾಕಿದ ಜಮಾಅತ್‌ಗಳು ಡಬ್ಬಿಯನ್ನೂ ತೆಗೆಯದೆ ಇಟ್ಟರೆ ಒಳ್ಳೆಯದು.

ನಾಣ್ಯ ಅಂದಾಗ ನಮ್ಮ ವ್ಯಾಪಾರಿಗಳಿಗೂ ಒಂದು ಮಾತು ಹೇಳಬೇಕು. 10 ರೂಪಾಯಿ ನಾಣ್ಯ ನಡೆಯುವುದಿಲ್ಲ ಎಂಬ ಸುಳ್ಳು ಸುದ್ದಿ ಇನ್ನೂ ಕೆಲವು ಅಂಗಡಿಗಳಲ್ಲಿ ಜೀವಂತ ಉಂಟು. ಗೆರೆ ಹತ್ತಿರುವುದು ಅಸಲಿ, ಹದಿನೈದಿರುವುದು ನಕಲಿ. ರೂಪಾಯಿಯ ಚಿಹ್ನೆ ಇಲ್ಲದ್ದು ನಕಲಿ ಅಂತ ಒಬ್ಬೊಬ್ಬರದ್ದು ಒಂದೊಂದು ಲೆಕ್ಕ. ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿದೆ: ಅಷ್ಟರವರೆಗೆ ಬಂದ 14 ವಿನ್ಯಾಸದ 10 ರೂಪಾಯಿ ನಾಣ್ಯಗಳೂ ಚಲಾವಣೆಯಲ್ಲಿವೆ. ರೂಪಾಯಿಯ ಚಿಹ್ನೆ ಬಂದದ್ದೇ 2010ರಲ್ಲಿ, ಅದಕ್ಕಿಂತ ಮೊದಲಿನ ನಾಣ್ಯದಲ್ಲಿ ಅದು ಎಲ್ಲಿಂದ ಇರಬೇಕು? 2011ರ ನಾಣ್ಯ ಕಾಯ್ದೆಯ ಪ್ರಕಾರ ಒಂದು ರೂಪಾಯಿ ಮತ್ತು ಮೇಲಿನ ನಾಣ್ಯಗಳಲ್ಲಿ ಒಂದು ಸಲಕ್ಕೆ 1,000 ರೂಪಾಯಿಯವರೆಗೆ ಪಾವತಿ ಮಾಡಬಹುದು. 50 ಪೈಸೆ ಕೂಡ ರದ್ದಾಗಿಲ್ಲ, ಹತ್ತು ರೂಪಾಯಿಯವರೆಗೆ ನಡೆಯುತ್ತದೆ. ರದ್ದಾದದ್ದು 25 ಪೈಸೆ ಮತ್ತು ಅದಕ್ಕಿಂತ ಕೆಳಗಿನದ್ದು, ಅದೂ 2011ರ ಜೂನ್ ಕೊನೆಗೆ. ನಾಣ್ಯ ಕೊಟ್ಟ ಮುದುಕಿಯನ್ನು ‘ಇದು ಬೇಡ, ಗೂಗಲ್ ಪೇ ಮಾಡಿ’ ಎಂದು ವಾಪಸ್ ಕಳಿಸಿದವರು ಕಾನೂನಿನ ನಾಣ್ಯವನ್ನೇ ಬೇಡ ಅಂದವರು. ವ್ಯಾಪಾರದಲ್ಲಿ ಹೆಸರು ಮಾಡಿದ ಸಮುದಾಯಕ್ಕೆ ಅದು ಶೋಭೆಯಲ್ಲ. ಚಿಲ್ಲರೆ ಬದಲಿಗೆ ಚಾಕಲೇಟು ಕೊಡುವುದೂ ಅದೇ ಜಾತಿಯದ್ದು.

ಊರೊಳಗಿನ ಓಡಾಟವನ್ನೇ ನೋಡಿ. 2023ರ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ಹೆಚ್ಚು ಓಡುವುದು ಖಾಸಗಿ ಬಸ್ಸು. ಮಗಳ ಹೆರಿಗೆಗೆ ವಿಟ್ಲದ ಕಡೆಯಿಂದ ದೇರಳಕಟ್ಟೆಗೆ ಹೊರಟ ಉಮ್ಮನಿಗೆ ಎರಡು ಬಸ್ಸು, ಒಂದು ರಿಕ್ಷಾ ಆಗಬೇಕು. ದಾರಿಯಲ್ಲಿ ಒಂದು ಚಹಾ ಆಗಬೇಕು. ಕೈಯಲ್ಲಿ ಚಿಲ್ಲರೆ ಇದ್ದವರು ಹೊರಡುತ್ತಾರೆ. ಇಲ್ಲದವರು ಯಾರಾದರೂ ಕಾರು ತರುವವರೆಗೆ ಕಾಯುತ್ತಾರೆ.

ಇನ್ನು ಉಮ್ರಾ, ಹಜ್ಜಿನ ಪ್ರಯಾಣ. ಬೊಂಬಾಯಿಯಿಂದ ಹಡಗಿನಲ್ಲಿ ಹಜ್ಜಿಗೆ ಹೋಗುತ್ತಿದ್ದ ಕಾಲದಲ್ಲಿ, 1959ರಲ್ಲಿ, ರಿಸರ್ವ್ ಬ್ಯಾಂಕ್ ಯಾತ್ರಿಗಳಿಗೆಂದೇ ‘ಹಜ್’ ಎಂದು ಮುದ್ರಿಸಿದ 10 ಮತ್ತು 100 ರೂಪಾಯಿಯ ಬೇರೆ ನೋಟು ತಂದಿತ್ತು. ಅದನ್ನು ಸೌದಿಯಲ್ಲಿ ಕೊಟ್ಟು ರಿಯಾಲ್ ಪಡೆಯಬಹುದಿತ್ತು. ಆಮೇಲಿನ ಕಾಲದಲ್ಲಿ ಹಜ್ ಸಮಿತಿಯ ಮೂಲಕ ಹೋಗುವ ಯಾತ್ರಿಯ ಕೈಗೆ 2,100 ರಿಯಾಲ್ ಸಿಗುತ್ತಿತ್ತು. 2023ರಿಂದ ಆ ಕ್ರಮ ನಿಂತಿತು, ಯಾತ್ರಿಗಳು ರಿಯಾಲನ್ನು ತಾವೇ ಹೊಂದಿಸಿಕೊಳ್ಳಬೇಕು. ಗುಂಪಿನಲ್ಲಿ ಹೋಗುವ ಮನೆಗಳಲ್ಲಿ ಹೊಂದಿಸುವುದು ಯಾರು? ಮಗ ಅಥವಾ ಅಳಿಯ. ಹಣ, ಫಾರೆಕ್ಸ್ ಕಾರ್ಡು ಎಲ್ಲ ಅವನ ಸೊಂಟದ ಚೀಲದಲ್ಲಿ.

ಹರಮಿನ ಜನಸಂದಣಿಯಲ್ಲಿ ಕೈ ತಪ್ಪಿದರೆ? ಹತ್ತು ರಿಯಾಲ್ ಕೈಯಲ್ಲಿದ್ದ ಉಮ್ಮ ಒಂದು ಕಡೆ ಕೂತು ನೀರೋ ಜ್ಯೂಸೋ ಕುಡಿದು ಸುಧಾರಿಸಿಕೊಳ್ಳುತ್ತಾರೆ. ಸ್ವಲ್ಪ ಹೆಚ್ಚಿದ್ದರೆ ಹೋಟೆಲಿನ ಕಾರ್ಡು ತೋರಿಸಿ ಟ್ಯಾಕ್ಸಿ ಹತ್ತುತ್ತಾರೆ. ಏನೂ ಇಲ್ಲದವರು ಅಳುತ್ತಾ ನಿಲ್ಲುತ್ತಾರೆ. ಅಷ್ಟೇ ಅಲ್ಲ, ಜೀವಮಾನದಲ್ಲಿ ಒಮ್ಮೆ ಅಲ್ಲಿಗೆ ಹೋದವರಿಗೆ ತನ್ನ ಕೈಯಾರೆ ಅಲ್ಲಿ ಒಂದು ರಿಯಾಲ್ ಸದಕ ಕೊಡಬೇಕು, ಮೊಮ್ಮಕ್ಕಳಿಗೆ ಒಂದು ತಸ್ಬೀಹ್ ತಾನೇ ಆರಿಸಿ ತರಬೇಕು ಅಂತ ಇರುವುದಿಲ್ಲವಾ? ಆದ್ದರಿಂದ ದೊಡ್ಡ 500ರ ನೋಟು ಬೇಡ. ಐದರ, ಹತ್ತರ ನೋಟು ಕೊಡಿ, ಜತೆಗೆ ಒಂದಿಷ್ಟು ನಾಣ್ಯ. ಸೌದಿಯಲ್ಲಿ ಒಂದು, ಎರಡು ರಿಯಾಲಿನ ನಾಣ್ಯ 2016ರ ಕೊನೆಗೆ ಬಂದಿದೆ. ಅದು ಅರ್ಧ ರಿಯಾಲಿನ 50 ಹಲಾಲ ನಾಣ್ಯದಂತಲ್ಲ ಎಂದು ಇಲ್ಲಿಯೇ ತೋರಿಸಿ ಕಲಿಸಿಕೊಡಿ. ವಾಪಸ್ ಬರುವಾಗ ಬೇಕಾದೀತು ಅಂತ ನಮ್ಮ ರೂಪಾಯಿ ತಗೊಂಡು ಹೋಗುವುದಾದರೆ ಒಬ್ಬರು 25,000ದವರೆಗೆ ಒಯ್ಯಬಹುದು. ಅಷ್ಟೆಲ್ಲ ಏಕೆ, ಎರಡು ಸಾವಿರ ಸಾಕು.

ಮನೆಯಲ್ಲಿ ಹಣ ಇಟ್ಟರೆ ಕಳ್ಳರ ಭಯ ಅನ್ನುವವರಿಗೆ: ಲಕ್ಷ ಇಡಿ ಅಂತ ಯಾರೂ ಹೇಳುತ್ತಿಲ್ಲ. ವಾರಕ್ಕೆ ಇಷ್ಟು ಅಂತ ಉಮ್ಮನ ಕೈಗೆ, ಉಪ್ಪನ ಕೈಗೆ ಕೊಡಿ, ನೂರರ, ಐವತ್ತರ, ಹತ್ತರ ನೋಟಾಗಿ. ಯಾವುದಕ್ಕೆ ಖರ್ಚಾಯಿತು ಅಂತ ಕೇಳಬೇಡಿ. ಗಲ್ಫಿನಲ್ಲಿರುವ ಮಕ್ಕಳು ತಿಂಗಳಿಗೊಮ್ಮೆ ತಮ್ಮನ ಕೈಯಲ್ಲೋ ನೆರೆಮನೆಯವರ ಕೈಯಲ್ಲೋ ಇದನ್ನು ತೆಗೆಸಿ ಕೊಡಿಸಬಹುದು.

ಗೃಹಲಕ್ಷ್ಮಿಯ ಖಾತೆಯಲ್ಲಿ ನಿಮ್ಮ ನಂಬರು ಇದ್ದರೆ ಉಮ್ಮನ ಹೆಸರಲ್ಲಿ ಒಂದು ಸಿಮ್ ಮಾಡಿಸಿ, ಸಾದಾ ಬಟನ್ ಫೋನ್ ಆದರೂ ಸಾಕು, ಅದೇ ನಂಬರನ್ನು ಖಾತೆಗೆ ಹಾಕಿಸಿ. ಅದಕ್ಕೆ ಪಾಸ್‌ಬುಕ್ಕು, ಆಧಾರ್ ಹಿಡಿದುಕೊಂಡು ಉಮ್ಮನನ್ನೇ ಬ್ಯಾಂಕಿಗೆ ಕರೆದುಕೊಂಡು ಹೋಗಿ, ಸಹಿಯೋ ಹೆಬ್ಬೆಟ್ಟೋ ಅವರೇ ಹಾಕಲಿ. ಬರುವ ದಾರಿಯಲ್ಲಿ ಎಟಿಎಂ ಹತ್ತಿರ ನಿಲ್ಲಿಸಿ. ಪಿನ್ ಅವರೇ ಒತ್ತಲಿ, ನೀವು ಎರಡು ಹೆಜ್ಜೆ ಹಿಂದೆ ನಿಲ್ಲಿ. ಎರಡು ಸಲ ತಪ್ಪಾದರೆ ಮೂರನೆಯದಕ್ಕೆ ಕೈ ಹಾಕದೆ ಮನೆಗೆ ಬನ್ನಿ, ಇಲ್ಲದಿದ್ದರೆ ಕಾರ್ಡು ಬ್ಲಾಕ್ ಆಗುತ್ತದೆ. ಮರುದಿನ ಪುನಃ ಹೋಗಿ.