ಲಿಥಿಯಂ ಸೆಲ್ಲಿಗೆ ಕಾವಲು ಬೋರ್ಡು ಬೇಕೇ ಬೇಕು



ಇಂಡಿ ಕಡೆ ಲಿಂಬಿ ಗಿಡಕ್ಕೆ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ತೊಗರಿಗೆ ಎಣ್ಣಿ ಹೊಡೆಯುವ ಬ್ಯಾಟರಿ ಪಂಪು ನೀವೆಲ್ಲರೂ ನೋಡಿದ್ದೀರಿ. ಅದರೊಳಗೆ 12 ವೋಲ್ಟಿನ ಸೀಸದ ಬ್ಯಾಟರಿ ಇರುತ್ತದೆ. ಅದು ಕೆಟ್ಟ ಮೇಲೆ ಕೆಲವರು ಲಿಥಿಯಂ ಸೆಲ್ ಜೋಡಿಸಿ ಹಾಕಿಸ್ತಾರೆ. ಹಗುರ ಆಗೋದು ಖರೆ. 16 ಲೀಟರ್ ಬೆನ್ನ ಮೇಲೆ ಹೊರುವವರಿಗೆ ಎರಡು ಕಿಲೋ ಕಡಿಮೆಯಾದರೂ ದೊಡ್ಡದೇ. ಆದರೆ ಕಾವಲು ಬೋರ್ಡು ಇಲ್ಲದೆ ಬರೀ ಸೆಲ್ ಜೋಡಿಸಿ ಕೊಡುವುದು ತಪ್ಪು ಎಂದು ನನ್ನ ಅಭಿಪ್ರಾಯ.

ಲಿಥಿಯಂ ಸೆಲ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. 1991ರಲ್ಲಿ ಜಪಾನಿನ ಸೋನಿ ಕಂಪನಿ ಇದನ್ನು ಮಾರಾಟಕ್ಕೆ ತಂದಿತು. ಇದನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಬಂತು. ಆದರೆ ಇದಕ್ಕೆ ಹೆಚ್ಚು ತುಂಬಿದರೆ ತಡೆಯುವುದಿಲ್ಲ.

ಒಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್. ಮೂರು ಸಾಲಾಗಿ ಜೋಡಿಸಿದರೆ 12.6. ಮನೆಯಲ್ಲಿರುವ ಹಳೆ ಚಾರ್ಜರ್ ಸೀಸದ ಬ್ಯಾಟರಿಯದು, ಅದು ಸುಮಾರು 14.4ರ ತನಕ ಏರಿಸುತ್ತದೆ. ಭಾಗಾಕಾರ ಮಾಡಿ ನೋಡ್ರಿ, ಸೆಲ್ಲಿಗೆ 4.8 ಬರ್ತದ! ಅದೂ ಸಮ ಹಂಚಿಕೆಯಾದರೆ. ಮೂರರಲ್ಲಿ ಒಂದು ಹಳೇದಿದ್ದರೆ ಅದು ಮೊದಲೇ ತುಂಬಿ ಇನ್ನೂ ಮೇಲೆ ಹೋಗುತ್ತದೆ. ಆಗ ಸೆಲ್ ಕಾಯುತ್ತದೆ, ಒಳಗೆ ಅನಿಲ ಹುಟ್ಟುತ್ತದೆ. ಒಳಗಿನ ದ್ರವ ಉರಿಯುವಂಥದ್ದು, ಬೆಂಕಿ ಹತ್ತಬಹುದು.

ಕಾವಲು ಬೋರ್ಡು ಅಂದರೆ ಒಂದು ಸಣ್ಣ ಪಟ್ಟಿ. ಅದು ಪ್ರತಿ ಸೆಲ್ಲನ್ನೂ ಬೇರೆ ಬೇರೆಯಾಗಿ ನೋಡುತ್ತಿರುತ್ತದೆ. ಯಾವುದಾದರೂ ಒಂದು ಸುಮಾರು 4.25 ದಾಟಿದರೆ ಚಾರ್ಜ್ ಕಡಿಯುತ್ತದೆ, ಬಹಳ ಇಳಿದರೆ ಪಂಪಿಗೆ ಹೋಗುವ ಕರೆಂಟ್ ಕಡಿಯುತ್ತದೆ. ತಂತಿಗೆ ತಂತಿ ಹತ್ತಿದರೂ ಕಡಿಯುತ್ತದೆ. ಹಾಗಂತ ಹಳೆ ಚಾರ್ಜರ್ ನಡೀತದ ಅಂತಲ್ಲ, 12.6ರ ಚಾರ್ಜರೇ ಬೇಕು.

"ಇವು ಲ್ಯಾಪ್‌ಟಾಪಿನ ಸೆಲ್ಲು, ಏನೂ ಆಗಂಗಿಲ್ಲ" ಅಂತ ಸಂತ್ಯಾಗ ಒಬ್ಬರು ನಮ್ಮ ಕಾಕಾಗೆ ಹೇಳಿ ಮಾರಿದರು. ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ಬೋರ್ಡು ಇರುತ್ತದೆ ನಿಜ. ಆದರೆ ಅದು ಸೆಲ್ಲಿನೊಳಗೆ ಇರುವುದಿಲ್ಲ, ಡಬ್ಬಿಯಲ್ಲಿ ಬೇರೆ ಕೂತಿರ್ತದ. ಸೆಲ್ ಕಿತ್ತುಕೊಂಡರೆ ಬೋರ್ಡು ಅಲ್ಲೇ ಉಳೀತು. ಎತ್ತು ತಂದು ಮೂಗುದಾರ ಬಿಟ್ಟು ಬಂದಂಗ.

2022ರಲ್ಲಿ ನಮ್ಮ ದೇಶದಲ್ಲಿ ಕೆಲವು ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಬೆಂಕಿ ಹತ್ತಿತು. ಆಮೇಲೆ ಸರಕಾರ ಸ್ಕೂಟರ್ ಬ್ಯಾಟರಿಗೆ ನಿಯಮ ಬಿಗಿ ಮಾಡಿತು. ಸಂತೆಯಲ್ಲಿ ಕೂತು ಜೋಡಿಸುವ ಪಂಪಿನ ಬ್ಯಾಟರಿ ನೋಡುವವರು ಯಾರು? ನಾವೇ ಕೇಳಬೇಕು. ಬೋರ್ಡಿಗೆ ನೂರು ರೂಪಾಯಿ ಆಸುಪಾಸು ಆಗ್ತದ, ಎಣ್ಣಿ ಬಾಟಲಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಕೊಡ್ತೀವಿ.

ಪಂಪು ಚಾರ್ಜಿಗೆ ಇಡುವುದು ಎಲ್ಲಿ ನೋಡ್ರಿ. ಪಡಸಾಲೆಯಲ್ಲಿ, ಜೋಳದ ಚೀಲದ ಪಕ್ಕದಲ್ಲಿ, ರಾತ್ರಿ ಎಲ್ಲರೂ ಮಲಗಿದಾಗ. ನಮ್ಮ ಆಯಿ ಮಲಗುವುದೂ ಅಲ್ಲೇ. ಕಾಕಾ "ತೊಗರಿಗೆ ಎಣ್ಣಿ ಹೊಡದು ಮುಗೀಲಿ, ಬೋರ್ಡು ಹಾಕಸ್ತೀನಿ" ಅಂದಾರ. ಅಲ್ಲಿತನಕ ಆ ಬ್ಯಾಟರಿ ಚಾರ್ಜಿಗೆ ಹಚ್ಚಬ್ಯಾಡ್ರಿ, ಸೀಸದ್ದೇ ಬ್ಯಾರೆ ತರ್ರಿ ಅಂತ ನಾನು ದಿನಾ ಹೇಳಾಕತ್ತೀನಿ.

- 7ನೇ ತರಗತಿ ವಿದ್ಯಾರ್ಥಿ