ಮೊದಲ ವರ್ಷದ ಪಾಠಕ್ಕೆ ಕಾಸರಕೋಡಿನ ಕಡಲತೀರ

ಪಿಯುಸಿ ಮುಗಿಸಿ ಬಿ.ಡಿಸ್. ಎಂಬ ವಿನ್ಯಾಸ ಪದವಿಗೆ ಸೇರಿದ ಮಕ್ಕಳ ಮನೆಗಳಲ್ಲಿ ಮೊದಲ ವರ್ಷ ಒಂದು ಪ್ರಶ್ನೆ ಏಳುತ್ತದೆ. ಮಗಳು ಕಲಿಯಲು ಹೋದದ್ದು ಬಟ್ಟೆಯ ವಿನ್ಯಾಸ ಅಥವಾ ಪೀಠೋಪಕರಣದ ವಿನ್ಯಾಸ. ಆದರೆ ಅವಳು ವರ್ಷವಿಡೀ ಎಲೆಗಳ ಚಿತ್ರ ಬರೆಯುತ್ತಾಳೆ, ಕಾಗದ ಮಡಿಸುತ್ತಾಳೆ, ಮಣ್ಣು ಕಲಸುತ್ತಾಳೆ, ಸಂತೆಗೆ ಹೋಗಿ ಜನರನ್ನು ಮಾತನಾಡಿಸಿ ಬರುತ್ತಾಳೆ. ನಡುವೆ ಪರಿಸರ ವಿಜ್ಞಾನ, ಸಮಾಜಶಾಸ್ತ್ರದ ಪಾಠಗಳೂ ಇರುತ್ತವೆ. ಸಾಲ ಮಾಡಿ ಫೀಸು ಕಟ್ಟಿದವರಿಗೆ ಒಂದು ವರ್ಷ ದಂಡವಾಯಿತು ಅನ್ನಿಸಿದರೆ ಅದು ಅವರ ತಪ್ಪಲ್ಲ. ಕಾರಣವನ್ನು ಅವರಿಗೆ ಬಿಡಿಸಿ ಹೇಳಿದವರು ಕಡಿಮೆ.

ಇದಕ್ಕೆ ಫೌಂಡೇಶನ್ ವರ್ಷ ಎಂದು ಹೆಸರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಬೆಂಗಳೂರಿನ ಫ್ಯಾಷನ್ ಸಂಸ್ಥೆ ನಿಫ್ಟ್, ಯಲಹಂಕದ ಸೃಷ್ಟಿ ಸಂಸ್ಥೆ ಎಲ್ಲವೂ ಇದನ್ನು ಒಂದಲ್ಲ ಒಂದು ರೂಪದಲ್ಲಿ ನಡೆಸಿಕೊಂಡು ಬಂದಿವೆ. ಜರ್ಮನಿಯ ವೈಮಾರ್‌ನಲ್ಲಿ 1919ರಲ್ಲಿ ಶುರುವಾದ ಬೌಹೌಸ್ ಶಾಲೆಯಲ್ಲಿ ಯೋಹಾನೆಸ್ ಇಟ್ಟೆನ್ ರೂಪಿಸಿದ ಆರಂಭಿಕ ತರಗತಿ ಇದರ ಮೂಲ. ಬಡಗಿ ಕೆಲಸಕ್ಕೋ ನೇಯ್ಗೆಗೋ ಹೋಗುವ ಮೊದಲು ಎಲ್ಲ ವಿದ್ಯಾರ್ಥಿಗಳೂ ಬಣ್ಣ, ಆಕಾರ, ವಸ್ತುಗಳ ಗುಣ ಕಲಿಯಬೇಕಿತ್ತು. ಭಾರತ ಸರ್ಕಾರದ ಕೋರಿಕೆಯಂತೆ 1958ರಲ್ಲಿ ವಿನ್ಯಾಸ ತರಬೇತಿಯ ಬಗ್ಗೆ ವರದಿ ಕೊಟ್ಟ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ನಮ್ಮ ನೀರಿನ ಚೊಂಬನ್ನೇ ಉದಾಹರಣೆಯಾಗಿ ಎತ್ತಿಕೊಂಡರು. ಅದನ್ನು ತಲೆಯ ಮೇಲೆ ಹೊರುತ್ತಾರೋ ಸೊಂಟದಲ್ಲೋ, ತುಂಬಿದಾಗ ತೂಕ ಎತ್ತ ವಾಲುತ್ತದೆ, ಬೆಲೆ ಎಷ್ಟು ಎಂಬ ಪ್ರಶ್ನೆಗಳ ಸಾಲನ್ನೇ ಅವರು ಮುಂದಿಟ್ಟರು. 1961ರಲ್ಲಿ ಹುಟ್ಟಿದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಹಿಂದೆ ಈ ವರದಿಯ ಪ್ರೇರಣೆ ಇದೆ.

ಫೌಂಡೇಶನ್ ವರ್ಷ ಬೇಕಾಗುವುದಕ್ಕೆ ಮೊದಲ ಕಾರಣ ಸರಳ. ಐಐಟಿಗಳ ಬಿ.ಡಿಸ್. ಪ್ರವೇಶಕ್ಕೆ ಬಾಂಬೆ ಐಐಟಿ ನಡೆಸುವ ಯೂಸೀಡ್ ಪರೀಕ್ಷೆಯನ್ನು ವಿಜ್ಞಾನ, ವಾಣಿಜ್ಯ, ಕಲೆ ಯಾವ ವಿಭಾಗದವರೂ ಬರೆಯಬಹುದು. ಲೆಕ್ಕ ಗೊತ್ತಿದ್ದು ಪೆನ್ಸಿಲ್ ಹಿಡಿಯಲು ಅಳುಕುವವರು, ಚಿತ್ರ ಬರೆಯಬಲ್ಲವರಾದರೂ ವಿಜ್ಞಾನ ಬಿಟ್ಟುಬಂದವರು ಒಂದೇ ತರಗತಿಯಲ್ಲಿ ಕೂರುತ್ತಾರೆ. ಅವರನ್ನೆಲ್ಲ ಒಂದು ಹದಕ್ಕೆ ತರಲು ಸಮಯ ಬೇಕು.

ಎರಡನೆಯ ಕಾರಣ ಇನ್ನೂ ಮುಖ್ಯ. ಅದನ್ನು ಹೊನ್ನಾವರ ತಾಲ್ಲೂಕಿನ ಕಾಸರಕೋಡಿನಲ್ಲೇ ನಿಂತು ನೋಡಬಹುದು. ಶರಾವತಿ ಕಡಲು ಸೇರುವ ಅಳಿವೆಯ ಪಕ್ಕ, ಟೊಂಕ ಎಂಬಲ್ಲಿನ ಮರಳಿನ ಮೇಲೆ ಹೆಂಗಸರು ಮೀನು ಒಣಗಿಸುತ್ತಾರೆ. ಅವರಿಗೊಂದು ಒಣಗಿಸುವ ಅಟ್ಟಣಿಗೆ ವಿನ್ಯಾಸ ಮಾಡಬೇಕು ಎಂದುಕೊಳ್ಳಿ. ಉಪ್ಪು ಮೀನಿನ ನೀರನ್ನು ಹೀರಿ ಕೊಳೆಯುವುದನ್ನು ತಡೆಯುತ್ತದೆ ಎಂಬುದು ಜೀವವಿಜ್ಞಾನ. ಅದೇ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ, ಹಾಗಾಗಿ ಬಿದಿರೋ ಬೇರೆ ಲೋಹವೋ ಎಂಬುದು ವಸ್ತುಗಳ ವಿಚಾರ. ಬಗ್ಗಿ ಬಗ್ಗಿ ಬೆನ್ನು ನೋಯದಂತೆ ಎಷ್ಟು ಎತ್ತರ ಇರಬೇಕು ಎಂಬುದಕ್ಕೆ ದೇಹದ ಅಳತೆ ಗೊತ್ತಿರಬೇಕು. ಮಳೆಗಾಲಕ್ಕೆ ಮುಂಚೆ ಒಣಮೀನು ಯಾವ ಸಂತೆಗೆ ಹೋಗುತ್ತದೆ, ಅಟ್ಟಣಿಗೆಗೆ ಹಾಕಿದ ದುಡ್ಡು ಎಷ್ಟು ದಿನಕ್ಕೆ ಹುಟ್ಟುತ್ತದೆ ಎಂಬುದು ಅರ್ಥಶಾಸ್ತ್ರ. ಆ ಮರಳಿನ ಮೇಲೆ ಯಾರ ಹಕ್ಕಿದೆ ಎಂಬುದು ಕಾನೂನು. ಇದರಲ್ಲಿ ಒಂದನ್ನು ಬಿಟ್ಟರೂ ಅಟ್ಟಣಿಗೆ ಚೆಂದ ಕಂಡೀತು, ಬಳಕೆಗೆ ಬಾರದು.

ಅದೇ ತೀರದಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ. ರಾತ್ರಿ ಹೊರಬರುವ ಮರಿಗಳು ಬೆಳಕು ಹೆಚ್ಚಿರುವ ಕಡೆಗೆ ಹೋಗುತ್ತವೆ. ದೀಪಗಳಿಲ್ಲದ ತೀರದಲ್ಲಿ ಆ ಬೆಳಕು ಕಡಲಿನದು. ದಡದ ಮೇಲೆ ಪ್ರಖರ ದೀಪ ಹಾಕಿದರೆ ಮರಿಗಳು ದಿಕ್ಕು ತಪ್ಪುತ್ತವೆ. ಇತ್ತ ಕಾಸರಕೋಡಿನ ಇಕೋ ಬೀಚಿಗೆ 2020ರಲ್ಲಿ ಪಡುಬಿದ್ರಿಯ ಜೊತೆಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಈ ಮಾನ್ಯತೆ ನೀರಿನ ಶುದ್ಧತೆ, ಪರಿಸರ ನಿರ್ವಹಣೆ, ಪರಿಸರದ ತಿಳಿವಳಿಕೆ, ಸುರಕ್ಷತೆ ಎಲ್ಲವನ್ನೂ ಒಟ್ಟಿಗೆ ಅಳೆಯುತ್ತದೆ. ಪ್ರವಾಸಿಗೆ ಭದ್ರತೆಯ ಬೆಳಕು ಬೇಕು, ಆಮೆಮರಿಗೆ ಕತ್ತಲು ಬೇಕು. ಕಂಬದ ಎತ್ತರ, ದೀಪದ ಬಣ್ಣ, ಮುಚ್ಚಳದ ಓರೆ ನಿರ್ಧರಿಸುವವರಿಗೆ ಎರಡೂ ತಿಳಿದಿರಬೇಕು. ಹದಿನೆಂಟರ ವಯಸ್ಸಿನಲ್ಲೇ ಇಂಥ ಪ್ರಶ್ನೆ ಕೇಳುವ ಅಭ್ಯಾಸ ಬೆಳೆಸುವುದು ಫೌಂಡೇಶನ್ ವರ್ಷದ ಕೆಲಸ.

ಯಕ್ಷಗಾನ ಬಲ್ಲ ನಮ್ಮ ಜನಕ್ಕೆ ಹಲವು ವಿದ್ಯೆಗಳನ್ನು ಹೀಗೆ ಕೂಡಿಸುವುದು ಹೊಸತಲ್ಲ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆ ಇಡಗುಂಜಿ ಮೇಳ ಕಟ್ಟಿದ ತಾಲ್ಲೂಕು ಇದು. ಮುಂದೆ ಸ್ತ್ರೀವೇಷ ಮಾಡುವವನಿರಲಿ, ಹಾಸ್ಯಗಾರನಿರಲಿ, ಕಲಿಕೆ ಶುರುವಾಗುವುದು ತಾಳ ಮತ್ತು ಹೆಜ್ಜೆಯಿಂದ. ಮುಖವರ್ಣಿಕೆ, ವೇಷಗಾರಿಕೆ, ಪುರಾಣ, ಅರ್ಥಗಾರಿಕೆ ಎಲ್ಲವೂ ಒಂದು ಪ್ರಸಂಗಕ್ಕಾಗಿ ಕೂಡಿಬರುತ್ತವೆ.

ಕೂಡಿಬರಬೇಕು ಎಂಬಲ್ಲಿಯೇ ಫೌಂಡೇಶನ್ ತರಗತಿಗಳು ಎಡವಬಹುದು. ಸೋಮವಾರ ರೇಖಾಚಿತ್ರ, ಮಂಗಳವಾರ ಸಮಾಜಶಾಸ್ತ್ರ, ಬುಧವಾರ ಕಂಪ್ಯೂಟರ್ ಎಂದು ವೇಳಾಪಟ್ಟಿ ತುಂಬಿಸಿದರೆ ಅದು ಬಿಡಿ ವಿಷಯಗಳ ರಾಶಿಯಷ್ಟೇ. ಒಬ್ಬ ಅಧ್ಯಾಪಕರಿಗೆ ಇನ್ನೊಬ್ಬರು ಏನು ಕಲಿಸುತ್ತಾರೆಂದು ಗೊತ್ತಿಲ್ಲದಿದ್ದರೆ, ಅವುಗಳನ್ನು ಬೆಸೆಯುವ ಹೊರೆ ಏನೂ ಅರಿಯದ ವಿದ್ಯಾರ್ಥಿಯ ಮೇಲೆ ಬೀಳುತ್ತದೆ. ಒಣಮೀನಿನ ಅಟ್ಟಣಿಗೆಯಂಥ ಒಂದೇ ಪ್ರಶ್ನೆಯ ಸುತ್ತ ಅಧ್ಯಾಪಕರು ಒಟ್ಟಾಗಿ ನಿಂತಾಗ ಮಾತ್ರ ಈ ವರ್ಷ ಸಾರ್ಥಕ. ಹಾಗಾಗಿ ಕಾಲೇಜು ಆರಿಸುವ ತಂದೆತಾಯಿ ಎಷ್ಟು ವಿಷಯ ಕಲಿಸುತ್ತೀರಿ ಎಂದು ಕೇಳುವುದಕ್ಕಿಂತ, ಕಳೆದ ವರ್ಷ ಎಲ್ಲ ವಿಷಯಗಳೂ ಸೇರಿ ಮಾಡಿದ ಒಂದು ಕೆಲಸ ತೋರಿಸಿ ಎಂದು ಕೇಳಲಿ.

ವಿಶ್ವವಿದ್ಯಾಲಯಗಳಿಗೂ ಒಂದು ಮಾತು ಹೇಳಬೇಕು. ಯೂಸೀಡ್ ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷಿನಲ್ಲಿ. ಅದನ್ನು ದಾಟಿ ಬಂದ ಭಟ್ಕಳ, ಹೊನ್ನಾವರ, ಕುಮಟಾದ ಮಕ್ಕಳು ಒಳಗೂ ಅದೇ ಗೋಡೆ ಎದುರಿಸಬಾರದು. ಮೊದಲ ವರ್ಷದ ಕ್ಷೇತ್ರ ಟಿಪ್ಪಣಿ, ಸಂದರ್ಶನ, ವಿವರಣೆಗಳನ್ನು ಕನ್ನಡದಲ್ಲಿ ಬರೆಯಲು ಅವಕಾಶ ಕೊಡಬೇಕು. ಗಾಳಿ ಯಾವ ಹೊತ್ತಿಗೆ ತಿರುಗುತ್ತದೆ, ಯಾವ ಮೀನಿಗೆ ಎಷ್ಟು ಉಪ್ಪು ಎಂಬುದು ಮೀನುಗಾರರ ಮನೆಯ ಹುಡುಗಿಗೆ ತರಗತಿಗೆ ಬರುವ ಮೊದಲೇ ಗೊತ್ತು. ಆ ತಿಳಿವಳಿಕೆಗೂ ಅಂಕ ಸಿಗಬೇಕು. ಬೇರೆ ಬೇರೆ ವಿದ್ಯೆಗಳನ್ನು ಕೂಡಿಸುತ್ತೇವೆ ಎನ್ನುವ ತರಗತಿ ಅವಳ ವಿದ್ಯೆಯನ್ನು ಹೊರಗಿಟ್ಟರೆ, ಅದು ಹೇಳಿಕೊಂಡ ಕೆಲಸವನ್ನೇ ಮಾಡಿದಂತಾಗುವುದಿಲ್ಲ.