ಸೋರುವುದನ್ನು ಹೇಳಲು ಸೌಂದರ್ಯದ ನೆಪವೇಕೆ?

ಎರಡನೆಯ ಹೆರಿಗೆಯಾದ ಮೇಲೆ ನನಗೆ ಕೆಲವು ಅಭ್ಯಾಸಗಳು ಅಂಟಿಕೊಂಡವು. ಮದುವೆಮನೆಗೆ ಹೋದರೆ ಮೊದಲು ಬಚ್ಚಲು ಎಲ್ಲಿದೆಯೆಂದು ನೋಡಿಕೊಳ್ಳುವುದು. ಬಸ್ಸು ಹತ್ತುವ ದಿನ ಬೆಳಗಿನಿಂದ ನೀರು ಕುಡಿಯದೆ ಇರುವುದು. ಸೀನು ಬಂದರೆ ಕಾಲು ಹೆಣೆದು ನಿಲ್ಲುವುದು. ಜೋರಾಗಿ ನಕ್ಕರೆ ಲಂಗ ಒದ್ದೆ. ಅತ್ತೆಯವರಲ್ಲಿ ಹೇಳಿಕೊಂಡೆ. "ಹೆತ್ತವರಿಗೆಲ್ಲ ಇದ್ದದ್ದೇ ಕಣಮ್ಮ, ಇದನ್ನೂ ಯಾರಾದರೂ ಬಾಯಿಬಿಟ್ಟು ಹೇಳ್ತಾರಾ?" ಎಂದರು. ಹನ್ನೆರಡು ವರ್ಷ ನಾನೂ ಬಾಯಿಬಿಡಲಿಲ್ಲ.

ಮೊನ್ನೆ ತಂಗಿ ಒಂದು ಕರಪತ್ರ ತಂದಳು. ಜೋಲುಹೊಟ್ಟೆಯನ್ನು ಆಪರೇಷನ್ ಮಾಡಿ ಬಿಗಿಗೊಳಿಸುವ ಸೌಂದರ್ಯ ಚಿಕಿತ್ಸಾಲಯದ್ದು. ಕೊನೆಯಲ್ಲಿ, ಇದರಿಂದ ಮೂತ್ರ ಸೋರುವುದೂ ನಿಲ್ಲುತ್ತದೆ ಎಂದು ಬರೆದಿತ್ತು. "ಅಕ್ಕಾ, ಒಂದೇ ಖರ್ಚಿನಲ್ಲಿ ಎರಡು ಕೆಲಸ!" ಎಂದಳು. ನನಗೆ ಸಿಟ್ಟು ಬಂತು, ಅವಳ ಮೇಲಲ್ಲ.

ಆ ಮಾತು ಪೂರ್ತಿ ಸುಳ್ಳೇನೂ ಅಲ್ಲ. ಬಸಿರಿನಲ್ಲಿ ಹೊಟ್ಟೆಯ ನಡುವಿನ ಎರಡು ಉದ್ದನೆಯ ಸ್ನಾಯುಗಳು ದೂರ ಸರಿಯುತ್ತವೆ. ಕೆಲವರಲ್ಲಿ ಮತ್ತೆ ಕೂಡುವುದೇ ಇಲ್ಲ. ಈ ಆಪರೇಷನ್ನಿನಲ್ಲಿ ಅವನ್ನು ಸೇರಿಸಿ ಹೊಲಿದು, ಹೆಚ್ಚಾದ ಚರ್ಮ ತೆಗೆಯುತ್ತಾರೆ. ಆಸ್ಟ್ರೇಲಿಯಾದ 9 ಕೇಂದ್ರಗಳಲ್ಲಿ ಹೀಗೆ ಮಾಡಿಸಿಕೊಂಡ 214 ಹೆಂಗಸರ ಬಗೆಗಿನ ವರದಿ 2018ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 42ರಷ್ಟು ಮಂದಿಗೆ ಮೊದಲು ಸೋರುವ ತೊಂದರೆಯಿತ್ತು. ಆರು ತಿಂಗಳಲ್ಲಿ ಅದು ಬಹುಮಟ್ಟಿಗೆ ಇಳಿದಿತ್ತು. ಆದರೆ ಆಪರೇಷನ್ ಮಾಡಿಸಿಕೊಳ್ಳದ ಹೆಂಗಸರೊಂದಿಗೆ ಅವರನ್ನು ಹೋಲಿಸಿ ನೋಡಿರಲಿಲ್ಲ. ಆರು ತಿಂಗಳೆಂದರೆ ಒಂದು ಆಯುಷ್ಯವೂ ಅಲ್ಲ. ಗಾಯ ಕೀವಾಗುವುದು, ಚರ್ಮದಡಿ ನೀರು ತುಂಬುವುದು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ಇವೂ ಆಪರೇಷನ್ನಿನ ಜೊತೆಗೇ ಬರಬಹುದು. ಕರಪತ್ರದಲ್ಲಿ ಇವುಗಳಿಗೆ ಒಂದು ಸಾಲೂ ಇರಲಿಲ್ಲ.

ಖರ್ಚಿಲ್ಲದ ದಾರಿಯೂ ಅದರಲ್ಲಿ ಇರಲಿಲ್ಲ. ಅಮೆರಿಕದ ಸ್ತ್ರೀರೋಗ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲೇ ಒಂದು ವ್ಯಾಯಾಮದ ಬಗ್ಗೆ ಬರೆದರು. ಒಂದಕ್ಕೆ ತಡೆದುಕೊಳ್ಳುವಾಗ ಬಿಗಿಹಿಡಿಯುವ ಸ್ನಾಯುವನ್ನು ಕೆಲವು ಕ್ಷಣ ಬಿಗಿಹಿಡಿದು ಬಿಡಬೇಕು. ಸಲಕ್ಕೆ ಎಂಟು ಬಾರಿ, ದಿನಕ್ಕೆ ಮೂರು ಸಲ, ಕಡಿಮೆಯೆಂದರೆ ಮೂರು ತಿಂಗಳು. ಕೊನೆಗೊಮ್ಮೆ ಧೈರ್ಯಮಾಡಿ ಕೇಳಿದಾಗ ನನಗೆ ನಮ್ಮ ಡಾಕ್ಟರಮ್ಮ ಹೇಳಿಕೊಟ್ಟದ್ದು ಇದನ್ನೇ. ಅನ್ನಕ್ಕೆ ಇಟ್ಟು ನಿಂತಾಗ, ಬಸ್ಸಿನಲ್ಲಿ ಕೂತಾಗ ಮಾಡಿದೆ. ಪೂರ್ತಿ ನಿಂತಿಲ್ಲ; ಆದರೆ ಈಗ ನೀರು ಕುಡಿದೇ ಬಸ್ಸು ಹತ್ತುತ್ತೇನೆ. ಇದರಿಂದ ಗುಣವಾಗದವರಿಗೆ ಮೂತ್ರನಾಳಕ್ಕೇ ಆಧಾರ ಕೊಡುವ ಬೇರೆ ಶಸ್ತ್ರಚಿಕಿತ್ಸೆಯಿದೆ. ಅದಕ್ಕೆ ಹೊಟ್ಟೆ ಚಪ್ಪಟೆಯಾಗಬೇಕಿಲ್ಲ.

ಹೊಟ್ಟೆಯ ಆಪರೇಷನ್ ಬೇಕೆನ್ನುವವರು ತಿಳಿದುಕೊಂಡು ಮಾಡಿಸಿಕೊಳ್ಳಲಿ, ನನ್ನದೇನೂ ತಕರಾರಿಲ್ಲ. ನನ್ನ ತಕರಾರು ಬೇರೆ. ಮೂತ್ರ ಸೋರುತ್ತದೆಂದರೆ "ಸಹಿಸಿಕೋ" ಎನ್ನುವ ಜನ, ಹೊಟ್ಟೆ ಜೋತಿದೆಯೆಂದರೆ ಕತ್ತರಿ ಹಿಡಿದು ಬರುತ್ತಾರಲ್ಲ! ಹೆಣ್ಣಿನ ಕಾಯಿಲೆಗೆ ಬೆಲೆ ಬರಬೇಕಾದರೆ ಅದು ಅವಳ ಅಂದದ ಬೆನ್ನು ಹತ್ತಿಯೇ ಬರಬೇಕೆ?

ನಮ್ಮಲ್ಲಿ ಬಾಣಂತಿಯ ಹೊಟ್ಟೆಗೆ ಹಳೆಯ ಸೀರೆ ಬಿಗಿದು ಕಟ್ಟುತ್ತೇವೆ, ಹೊಟ್ಟೆ ಬರಬಾರದೆಂದು. ಕಟ್ಟುವಾಗ "ಸೀನಿದರೆ ಸೋರುತ್ತದೆಯೇನಮ್ಮ?" ಎಂದು ಒಂದು ಮಾತು ಯಾರೂ ಕೇಳುವುದಿಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ಕೇಳಲಿ, ಮನೆಗೆ ಕಳಿಸುವ ಮೊದಲು ಆ ವ್ಯಾಯಾಮ ಕಲಿಸಿ ಕಳಿಸಲಿ. ಅಲ್ಲಿಯವರೆಗೆ ನಾವಾದರೂ ಕೇಳೋಣ. ನನ್ನ ಮಗಳನ್ನು ನಾನಂತೂ ಕೇಳುತ್ತೇನೆ.